ರೆಸಿನ್ ಓಲೆಗೂ ಬೇಕು ಕೈಗವಸು

ಒಣಗಿದ ಹೂವು, ಒಂದಿಷ್ಟು ಗ್ಲಿಟರ್, ಎರಡು ಬಾಟಲಿ ಎಪಾಕ್ಸಿ ಇದ್ದರೆ ಸಾಕು, ಹಾಸ್ಟೆಲ್ ಕೋಣೆಯಲ್ಲೇ ಓಲೆ, ಪೆಂಡೆಂಟ್ ತಯಾರು. ಓದುತ್ತಲೇ ನಾಲ್ಕು ಕಾಸು ದುಡಿಯುವುದು ಮೆಚ್ಚುವಂಥದ್ದೇ. ಆದರೆ ರೀಲ್ಸ್‌ನಲ್ಲಿ ಬರಿಗೈಯಲ್ಲಿ ರೆಸಿನ್ ಕಲಸುವವರನ್ನು ನೋಡಿದರೆ ಭಯವಾಗುತ್ತದೆ.

ಎಪಾಕ್ಸಿ ಬಟ್ಟೆಯಂತೆ ಒಣಗುವುದಿಲ್ಲ. ರೆಸಿನ್ ಮತ್ತು ಹಾರ್ಡನರ್ ರಾಸಾಯನಿಕವಾಗಿ ಬೆಸೆದುಕೊಂಡು ಗಟ್ಟಿಯಾಗುತ್ತವೆ. ಬಾಟಲಿಯ ಮೇಲೆ 2:1 ಎಂದಿದ್ದರೆ ಅದೇ ಅನುಪಾತ ಬೇಕು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ, ಹೆಚ್ಚಾದದ್ದು ಬೆಸೆಯದೆ ಉಳಿದು ಓಲೆ ಅಂಟಂಟಾಗಬಹುದು. ಅದು ತಾಗುವುದು ಕೊಂಡವರ ಚರ್ಮಕ್ಕೆ.

ಗಟ್ಟಿಯಾಗದ ಎಪಾಕ್ಸಿ ಪದೇ ಪದೇ ಮೈಗೆ ತಾಗಿದರೆ ಅಲರ್ಜಿ ಬರಬಹುದು: ತುರಿಕೆ, ಕೆಂಪು ದದ್ದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆಮೇಲೆ ತುಸು ತಾಗಿದರೂ ಸಾಕು. ನಮ್ಮಂಥ ಬಿಇ ವಿದ್ಯಾರ್ಥಿಗಳಿಗೆ ಇದು ಹವ್ಯಾಸದ ಮಾತಷ್ಟೇ ಅಲ್ಲ. ಪೇಂಟ್, ಅಂಟು, ಕಾರ್ಬನ್ ಫೈಬರ್ ಬಿಡಿಭಾಗ ಎಲ್ಲ ಕಡೆ ಎಪಾಕ್ಸಿ ಬಳಸುತ್ತಾರೆ. ಇಪ್ಪತ್ತರಲ್ಲಿ ಅಂಟಿಸಿಕೊಂಡ ಅಲರ್ಜಿ ನಾಳಿನ ಕೆಲಸಕ್ಕೇ ಅಡ್ಡ ಬರಬಹುದು.

ಪರಿಹಾರ ಕಷ್ಟವೇನಲ್ಲ. ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಉಜ್ಜಿ ನಯ ಮಾಡುವಾಗ ದೂಳು ತಡೆಯುವ ಮಾಸ್ಕ್ ಧರಿಸಿ. ಕೈಗೆ ಮೆತ್ತಿದರೆ ಥಿನ್ನರ್ ಬೇಡ, ಸೋಪು ನೀರು ಸಾಕು. ಕಂಪನಿ ಹೇಳಿದಷ್ಟು ಹೊತ್ತು ಕಾದ ಮೇಲೆಯೇ ಪಾರ್ಸೆಲ್ ಮಾಡಿ. ಈ ಖರ್ಚನ್ನೂ ಸಮಯವನ್ನೂ ಓಲೆಯ ಬೆಲೆಗೆ ಸೇರಿಸಿ. ಕೊಳ್ಳುವವರೂ ಹತ್ತು ರೂಪಾಯಿ ಚೌಕಾಸಿ ಮಾಡುವ ಮುನ್ನ, 'ಎಷ್ಟು ದಿನ ಗಟ್ಟಿಯಾಗಲು ಬಿಟ್ಟಿದ್ದೀರಿ?' ಎಂದು ಕೇಳಲಿ.