ರೈಲು ಅಲ್ಲ, ವಿಮಾನ ಬಿಡ್ತೀನಿ

"ರೈಲು ಬಿಡೋರನ್ನ ಊರ ತುಂಬ ನೋಡಿದ್ದೀವಿ, ನಮ್ಮ ಹುಡುಗ ಮಾತ್ರ ವಿಮಾನ ಬಿಡ್ತಾನೆ." ಮನೆಗೆ ಯಾರೇ ಬರಲಿ, ಅಮ್ಮನ ಈ ಡೈಲಾಗ್ ತಪ್ಪಲ್ಲ. ಶನಿವಾರ ರಾತ್ರಿ ಊಟ ಆದಮೇಲೆ ನಾನು ಹೆಡ್‌ಫೋನ್ ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತು, ಕಣ್ಣಿಗೆ ಕಾಣದ ಯಾರಿಗೋ "ಬೆಂಗಳೂರು ಟವರ್, ಗುಡ್ ಈವ್ನಿಂಗ್" ಅನ್ನೋದು ಕೇಳಿ ಮೊದಮೊದಲು ಅವರಿಗೆ ಗಾಬರಿಯಾಗಿತ್ತು. ಈಗ ತಮಾಷೆ.

ಈ ಸಲದ ಅಂಕಣ ಆ ಹುಚ್ಚಿನ ಬಗ್ಗೆ. ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸೋದು, ಆನ್‌ಲೈನ್‌ನಲ್ಲಿ ನಿಜವಾದ ಮನುಷ್ಯರೇ ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ಕೂತು ನಮಗೆ ದಾರಿ ಹೇಳೋದು, ಅಲ್ಲಿಗೆ ಹೊಸಬರು ಕಾಲಿಡೋದು ಹೇಗೆ ಅನ್ನೋದನ್ನ ಹೇಳ್ತೀನಿ. ಜೊತೆಗೆ ಮೈಕ್ ಮುಂದೆ ನನ್ನ ಬಾಯಿ ಒಣಗಿಹೋದ ಕಥೆಯನ್ನೂ.

ನಮ್ಮ ತಲೆ ಮೇಲಿನ ದಾರಿ

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಟದ ಮನೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದಾಗ ನನಗೆ ಬೇಸಿಗೆ ರಜೆ. ತೋಟ ಕಾಯೋ ನೆಪದಲ್ಲಿ ಮರದ ಕೆಳಗೆ ಮಲಗಿ ವಿಮಾನ ಎಣಿಸೋದೇ ಕೆಲಸ. ಪೈಲಟ್ ಆಗ್ಬೇಕು ಅಂತ ಆಗಲೇ ತಲೆಗೆ ಹತ್ತಿತ್ತು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಅದಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು ಅಂತ ಗೊತ್ತಾಗಿದ್ದು ಪಿಯುಸಿಯಲ್ಲಿ. ಅಷ್ಟು ಹೊತ್ತಿಗೆ ಅಪ್ಪನ ದುಡ್ಡೆಲ್ಲ ಬೋರ್‌ವೆಲ್ ಜೊತೆ ಸಾವಿರ ಅಡಿ ಕೆಳಗಿಳಿದಿತ್ತು. ಮೇಲೆ ಹಾರೋಕೆ ಏನೂ ಉಳಿದಿರಲಿಲ್ಲ. ಎಂಜಿನಿಯರಿಂಗ್ ಸೇರಿದೆ. ಈಗ ಮಾಲೂರಿನಲ್ಲಿ ಬಾಡಿಗೆ ಮನೆ, ವಾರಕ್ಕೆ ಮೂರು ದಿನ ಟ್ರೈನ್ ಹಿಡಿದು ವೈಟ್‌ಫೀಲ್ಡ್, ಶನಿವಾರ ಭಾನುವಾರ ಊರು.

ಸಿಮ್ಯುಲೇಟರ್ ಕಲಿತ ಮೇಲೆ ನನಗೆ ಮೊದಲು ಅರ್ಥವಾಗಿದ್ದು ನಮ್ಮ ಆಕಾಶವೇ. ಬೆಂಗಳೂರಿನ ರನ್‌ವೇಗಳು ಪೂರ್ವ ಪಶ್ಚಿಮವಾಗಿ ಮಲಗಿವೆ. ಪಶ್ಚಿಮಕ್ಕೆ ಮುಖ ಮಾಡಿದ್ರೆ ದಿಕ್ಸೂಚಿ 270 ಡಿಗ್ರಿ ತೋರಿಸುತ್ತೆ, ಆದ್ದರಿಂದ ರನ್‌ವೇ 27. ಅದೇ ರನ್‌ವೇ ಪೂರ್ವಕ್ಕೆ ಮುಖ ಮಾಡಿದ್ರೆ 09. 2019ರ ಡಿಸೆಂಬರ್‌ನಲ್ಲಿ ಪಕ್ಕದಲ್ಲೇ ಎರಡನೇ ರನ್‌ವೇ ಬಂದಮೇಲೆ ಲೆಫ್ಟ್, ರೈಟ್ ಅಂತ ಹೆಸರು ಸೇರಿಸಿ ಕರೀತಾರೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗೇ ಇಳಿಯಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತೆ, ಹಾಗಾಗಿ ವಿಮಾನಗಳು ನಮ್ಮ ಜಿಲ್ಲೆ ಕಡೆಯಿಂದ ಬಂದು ಇಳೀತವೆ. ಚಳಿಗಾಲದಲ್ಲಿ ಗಾಳಿ ತಿರುಗುತ್ತೆ, ಅಲ್ಲಿಂದ ಎದ್ದ ವಿಮಾನಗಳು ನಮ್ಮ ಕಡೆ ಮುಖ ಮಾಡಿ ಏರ್ತವೆ.

ಮ್ಯಾಪ್‌ನಲ್ಲಿ ಆ ರನ್‌ವೇಯನ್ನ ಪೂರ್ವಕ್ಕೆ ಎಳೆದು ನೋಡಿ. ಗೆರೆ ಕೋಲಾರದ ಸ್ವಲ್ಪ ಉತ್ತರಕ್ಕೆ ಹಾದು ಮುಳಬಾಗಿಲಿನ ಹತ್ತಿರ ಬರುತ್ತೆ. ಕೋಲಾರ ಅಲ್ಲಿಂದ ನೇರವಾಗಿ ಸುಮಾರು 25 ನಾಟಿಕಲ್ ಮೈಲಿ, ಅಂದ್ರೆ 46 ಕಿಲೋಮೀಟರ್. ವಿಮಾನ ಇಳಿಯೋದು 3 ಡಿಗ್ರಿ ಇಳಿಜಾರಿನಲ್ಲಿ, ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ಈ ಲೆಕ್ಕದಲ್ಲಿ ಕೋಲಾರದ ಹತ್ತಿರ ಅದು ರನ್‌ವೇಗಿಂತ ಏಳೂವರೆ ಸಾವಿರ ಅಡಿ ಎತ್ತರದಲ್ಲಿರಬೇಕು.

ಇದನ್ನೆಲ್ಲ ಉತ್ಸಾಹದಿಂದ ಅಪ್ಪನಿಗೆ ಹೇಳಿದೆ. ವಿಮಾನ ನಿಲ್ದಾಣದ ಹವಾಮಾನ ವರದಿಯನ್ನ ಮೊಬೈಲ್‌ನಲ್ಲಿ ತೋರಿಸಿ, "27012 ಅಂತಿದೆ ನೋಡಪ್ಪ. ಗಾಳಿ 270 ಡಿಗ್ರಿಯಿಂದ, ವೇಗ 12 ನಾಟ್" ಅಂದೆ. ಅಪ್ಪ ಜಗಲಿಯಿಂದ ಮಾವಿನ ಮರದ ತುದಿ ನೋಡಿ, "ಪಡುವ್ಲು ಗಾಳಿ ಅಂತ ಹೇಳೋಕೆ ಇಷ್ಟೊಂದು ನಂಬರ್ ಬೇಕೇನೋ?" ಅಂದ್ರು.

ಶುರು ಮಾಡೋಕೆ ಏನು ಬೇಕು?

ಮೊದಲು ಸಿಮ್ಯುಲೇಟರ್. ಪೂರ್ತಿ ಉಚಿತ ಬೇಕಂದ್ರೆ ಫ್ಲೈಟ್‌ಗಿಯರ್ ಇದೆ. ನನ್ನ ಮುಳಬಾಗಿಲಿನ ಗೆಳೆಯ ಆಫೀಸಿನಿಂದ ನಿವೃತ್ತಿಯಾದ ಹಳೇ ಲ್ಯಾಪ್‌ಟಾಪ್‌ನಲ್ಲಿ ಇದರಿಂದಲೇ ಕಲಿತಿದ್ದು. ದುಡ್ಡು ಕೊಟ್ಟು ಕೊಳ್ಳೋದಾದ್ರೆ ಎಕ್ಸ್-ಪ್ಲೇನ್ 12 ಅಥವಾ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಮೈಕ್ರೋಸಾಫ್ಟ್‌ನದ್ದಕ್ಕೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು, ನೆಲದ ಚಿತ್ರಗಳನ್ನ ಅದು ಇಂಟರ್ನೆಟ್‌ನಿಂದ ಎಳ್ಕೊಳ್ಳೋದರಿಂದ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂರಬೇಡಿ. ಜಾಯ್‌ಸ್ಟಿಕ್ ಇದ್ರೆ ಒಳ್ಳೇದು. ಮೊದಲ ತಿಂಗಳೇ ದುಬಾರಿದು ಕೊಂಡು, ಆಮೇಲೆ ಮೂಲೆಗೆ ಹಾಕಬೇಡಿ.

ಶುರುವಿನಲ್ಲೇ ಏರ್‌ಬಸ್ ಹತ್ತಬೇಡಿ. ಸೆಸ್ನಾ 172 ಅನ್ನೋ ಪುಟ್ಟ ವಿಮಾನ ತಗೊಳ್ಳಿ. ನಾನು ಬೆಂಗಳೂರಿನಿಂದ ಏರಿ, ಹೊಸಕೋಟೆ ಕೆರೆ ನೋಡ್ಕೊಂಡು, ಹೆದ್ದಾರಿ ಹಿಡಿದು ಕೋಲಾರದ ಅಂತರಗಂಗೆ ಬೆಟ್ಟ ಹುಡುಕ್ತಿದ್ದೆ. ಬಸ್ಸಿನಲ್ಲಿ ಸಾವಿರ ಸಲ ಓಡಾಡಿದ ದಾರಿ ಮೇಲಿಂದ ಗುರುತು ಹಿಡಿದಾಗ ಆಗೋ ಖುಷಿಯೇ ಬೇರೆ. ನೇರವಾಗಿ, ಒಂದೇ ಎತ್ತರದಲ್ಲಿ ಹಾರೋದು, ತಿರುಗೋದು, ಇಳಿಯೋದು, ಇಷ್ಟು ಕೈಗೆ ಹತ್ತೋವರೆಗೂ ಆನ್‌ಲೈನ್ ಬೇಡ.

ಆಮೇಲೆ ನೆಟ್‌ವರ್ಕ್. ದೊಡ್ಡವು ಎರಡು: 1998ರಲ್ಲಿ ಶುರುವಾದ ಐವಾವ್, 2001ರಲ್ಲಿ ಶುರುವಾದ ವ್ಯಾಟ್‌ಸಿಮ್. ಎರಡೂ ಉಚಿತ, ನಡೆಸೋರು ಸ್ವಯಂಸೇವಕರು. ನಾನಿರೋದು ವ್ಯಾಟ್‌ಸಿಮ್‌ನಲ್ಲಿ. 13 ವರ್ಷ ತುಂಬಿದ ಯಾರು ಬೇಕಾದ್ರೂ ಸೇರಬಹುದು. ಹೊಸಬರಿಗೆ ಒಂದು ಸಣ್ಣ ಪಾಠ, ಒಂದು ಸಣ್ಣ ಪರೀಕ್ಷೆ. ಪಾಸಾದ್ರೆ ನಿಮ್ಮ ಸಿಮ್ಯುಲೇಟರನ್ನ ನೆಟ್‌ವರ್ಕ್‌ಗೆ ಜೋಡಿಸೋ ಚಿಕ್ಕ ಸಾಫ್ಟ್‌ವೇರ್ ಹಾಕ್ಕೋಬೇಕು. ಮೈಕ್ರೋಸಾಫ್ಟ್‌ನದ್ದಕ್ಕೆ ವಿಪೈಲಟ್, ಎಕ್ಸ್-ಪ್ಲೇನ್‌ಗೆ ಎಕ್ಸ್‌ಪೈಲಟ್. ಹಾರೋ ದಾರಿಯ ಪ್ಲಾನ್ ಮಾಡೋಕೆ ಸಿಮ್‌ಬ್ರೀಫ್ ಉಚಿತ. ನಮ್ಮ ವಿಮಾನ ನಿಲ್ದಾಣಗಳ ನಕ್ಷೆಗಳು ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ ವೆಬ್‌ಸೈಟ್‌ನಲ್ಲೇ ಸಿಗ್ತವೆ.

ಬಾಯಿ ಒಣಗಿದ ರಾತ್ರಿ

ಇದನ್ನೆಲ್ಲ ಮಾಡಿದ್ದೆ. ಬೆಂಗಳೂರಿನಿಂದ ಚೆನ್ನೈಗೆ ನನ್ನ ಮೊದಲ ಆನ್‌ಲೈನ್ ಹಾರಾಟ. ಅವತ್ತು ಬೆಂಗಳೂರಿಗೆ ಕಂಟ್ರೋಲರ್ ಇದ್ರು. ಮೈಕ್ ಒತ್ತಿ ಅನುಮತಿ ಕೇಳಿದೆ. ಆ ಕಡೆಯಿಂದ ಒಂದೇ ಉಸಿರಿನಲ್ಲಿ ಹೋಗಬೇಕಾದ ಊರು, ಹಿಡಿಯಬೇಕಾದ ದಾರಿ, ಮೊದಲು ಏರಬೇಕಾದ ಎತ್ತರ, ರಾಡಾರ್‌ನಲ್ಲಿ ನನ್ನ ಗುರುತಿಗೆ ನಾಲ್ಕು ಅಂಕಿಯ ಕೋಡ್, ಎಲ್ಲ ಬಂತು. ನನಗೆ ಕೇಳಿಸಿದ್ದು ಚೆನ್ನೈ ಅನ್ನೋದಷ್ಟೇ. "ರೋಜರ್" ಅಂದೆ. "ಪೂರ್ತಿ ರೀಡ್‌ಬ್ಯಾಕ್ ಕೊಡಿ" ಅಂದ್ರು. ಬಾಯಿ ಒಣಗಿಹೋಯ್ತು. ಇಂಟರ್ನೆಟ್ ಕೇಬಲ್ ಕಿತ್ತುಬಿಟ್ಟೆ.

ಮೂರು ವಾರ ಆ ಕಡೆ ತಲೆ ಹಾಕಲಿಲ್ಲ.

ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಮೊದಲ ಕೆಲಸದಲ್ಲಿ ಕಾನ್ಫರೆನ್ಸ್ ಕಾಲ್ ಅಂದ್ರೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗ್ತಿತ್ತು. ಒಂದು ಸಲ ಆ ಕಡೆಯವರು ಹೇಳಿದ್ದು ಅರ್ಧ ಅರ್ಥವಾಗದಿದ್ರೂ "ಓಕೆ, ಓಕೆ" ಅಂದು, ಎರಡು ದಿನ ಕೂತು ಅವರು ಕೇಳದೇ ಇದ್ದದ್ದನ್ನ ಮಾಡಿಟ್ಟಿದ್ದೆ. ಬೈಗುಳ ಮರೆತುಹೋಗಿದೆ. "ಅರ್ಥ ಆಗದಿದ್ರೆ ಕೇಳಬಾರದಾ?" ಅಂದ ಮಾತು ಮರೆತಿಲ್ಲ. ಕೇಳಿದ್ರೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಾಗುತ್ತಲ್ಲ, ಅದಕ್ಕೇ ಕೇಳಲಿಲ್ಲ ಅಂತ ಹೇಳೋದು ಹೇಗೆ? ಆಟ ಆಡೋಕೆ ಬಂದ ಜಾಗದಲ್ಲೂ ಅದೇ ಭಯ ಬಂದು ಕೂತಿತ್ತು.

ಮನಸ್ಸು ತಡೀದೆ ಬರೀ ಕೇಳೋಣ ಅಂತ ಮತ್ತೆ ಹೋದೆ. ಅಲ್ಲಿ ಅಬ್ಸರ್ವರ್ ಆಗಿ, ವಿಮಾನ ಇಲ್ಲದೆ ಸುಮ್ಮನೆ ಕೇಳಿಸ್ಕೊಳ್ತಾ ಕೂರಬಹುದು. ಒಂದು ರಾತ್ರಿ, ಪಳಗಿದ ದನಿಯ ಪೈಲಟ್ ಒಬ್ಬರು ಯಾವ ಸಂಕೋಚವೂ ಇಲ್ಲದೆ "ಸೇ ಅಗೇನ್" ಅಂದ್ರು. ಕಂಟ್ರೋಲರ್ ಅಷ್ಟೇ ಸಹಜವಾಗಿ ಇನ್ನೊಂದು ಸಲ ಹೇಳಿದ್ರು. ಯಾರೂ ನಗಲಿಲ್ಲ. ಅರ್ಥ ಆಗಲಿಲ್ಲ, ಮತ್ತೆ ಹೇಳಿ ಅನ್ನೋಕೆ ಆ ಭಾಷೆಯಲ್ಲಿ ಒಂದು ಅಧಿಕೃತ ಮಾತೇ ಇದೆ!

ಆ ನಿಯಮ ಯಾಕೆ ಬಂತು

ಕಂಟ್ರೋಲರ್ ಹೇಳಿದ್ದನ್ನ ಪೈಲಟ್ ಮತ್ತೆ ಹೇಳಿ ಒಪ್ಪಿಸೋದೇ ರೀಡ್‌ಬ್ಯಾಕ್. ನೆಟ್‌ವರ್ಕಿಂಗ್ ಓದಿದವರಿಗೆ ಗೊತ್ತಿರೋ ಅಕ್ನಾಲೆಜ್‌ಮೆಂಟ್ ಇದ್ದ ಹಾಗೆ, ಆದರೆ "ಬಂತು" ಅಂದ್ರೆ ಸಾಲದು, ಬಂದದ್ದೇನು ಅಂತಲೂ ಹೇಳಬೇಕು. ಈ ಶಿಸ್ತಿನ ಹಿಂದೆ ಜೀವಗಳ ಲೆಕ್ಕ ಇದೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಜನ ಸತ್ತರು. ಮಂಜು ಮುಸುಕಿತ್ತು, ರೇಡಿಯೋ ಮಾತು ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ಅರ್ಥವಾಗಿತ್ತು. 1996ರ ನವೆಂಬರ್ 12ರಂದು ನಮ್ಮ ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಝಕ್ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಜನ ಹೋದರು. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಅಂತ ಹೇಳಿದ್ದರೂ ಕಝಕ್ ವಿಮಾನ ಕೆಳಗಿಳಿದಿತ್ತು. ಆ ಸಿಬ್ಬಂದಿಗೆ ಇಂಗ್ಲಿಷ್ ಸಾಲದೆ ಇದ್ದ ವಿಷಯವೂ ತನಿಖೆಯಲ್ಲಿ ಬಂತು.

ಅಂತಾರಾಷ್ಟ್ರೀಯ ಹಾರಾಟದ ಪೈಲಟ್‌ಗಳು, ಕಂಟ್ರೋಲರ್‌ಗಳಿಗೆ 2008ರಿಂದ ಭಾಷಾ ಪರೀಕ್ಷೆ ಕಡ್ಡಾಯ. 6ರಲ್ಲಿ ಕನಿಷ್ಠ 4ನೇ ಮಟ್ಟ ಬೇಕು. ಆ ಮಟ್ಟಕ್ಕೆ ಲಂಡನ್ ಇಂಗ್ಲಿಷ್ ಬೇಕಿಲ್ಲ. ತಾಯಿನುಡಿಯ ಧಾಟಿ ಇರಬಹುದು, ಎದುರಿನವರಿಗೆ ಅರ್ಥವಾಗಬೇಕು, ಅರ್ಥವಾಗದಿದ್ದಾಗ ಕೇಳಿ ಸರಿಮಾಡ್ಕೊಳ್ಳೋಕೆ ಬರಬೇಕು. ಇದನ್ನ ಓದಿದಾಗ ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯ್ತು.

ಇನ್ನೊಂದು ಮಾತೂ ಇದೆ: "ಅನೇಬಲ್". ಆಗಲ್ಲ ಅಂತ. ಹೇಳಿದಷ್ಟು ಬೇಗ ಇಳಿಯೋಕೆ ಆಗಲ್ಲ ಅಂದ್ರೆ "ಅನೇಬಲ್" ಅಂದ್ರೆ ಸಾಕು, ಬೇರೆ ದಾರಿ ಕೊಡ್ತಾರೆ. ಶುಕ್ರವಾರ ಸಂಜೆ ಬರೋ ಡೆಡ್‌ಲೈನ್‌ಗೂ "ನೋಡ್ತೀನಿ ಸರ್" ಅನ್ನೋ ನಮ್ಮಂಥವರು ಇದನ್ನ ದಿನಕ್ಕೊಂದು ಸಲ ಅಭ್ಯಾಸ ಮಾಡಬೇಕು.

ನಿಮ್ಮ ಮೊದಲ ಹಾರಾಟ

ಹೊಸಬರಿಗೆ ನನ್ನ ಅನುಭವದ ನಾಲ್ಕು ಮಾತು:

1. ಒಂದು ವಾರ ಬರೀ ಕೇಳಿ. ಆಲ್ಫಾ, ಬ್ರಾವೋ, ಚಾರ್ಲಿ ಬಾಯಿಪಾಠ ಮಾಡಿ. ಟ್ರೈನ್‌ನಲ್ಲಿ ಕೂತು ಎದುರಿನ ಗಾಡಿಗಳ ನಂಬರ್ ಓದಿದ್ರೂ ಆಗುತ್ತೆ.

2. ಕಂಟ್ರೋಲರ್ ಇಲ್ಲದ ಹೊತ್ತಿನಲ್ಲಿ ಮೊದಲು ಹಾರಿ. ಆಗ ಸಾಮಾನ್ಯವಾಗಿ 122.8 ತರಂಗಾಂತರದಲ್ಲಿ, ನಾನು ಇಲ್ಲಿದ್ದೀನಿ, ಹೀಗೆ ಮಾಡ್ತಿದ್ದೀನಿ ಅಂತ ಹತ್ತಿರದವರಿಗೆ ತಿಳಿಸಿದ್ರೆ ಸಾಕು. ಟೈಪ್ ಮಾಡಿದ್ರೂ ನಡೆಯುತ್ತೆ.

3. ಪಾರ್ಕಿಂಗ್ ಜಾಗದಲ್ಲೇ ಶುರು ಮಾಡಿ, ರನ್‌ವೇ ಮೇಲೆ ಕನೆಕ್ಟ್ ಆಗಬೇಡಿ. ಅರ್ಧ ಗಂಟೆಗಿಂತ ಹೆಚ್ಚು ವಿಮಾನ ಬಿಟ್ಟು ಎದ್ದು ಹೋಗೋ ಹಾಗಿಲ್ಲ. 7500 ಅನ್ನೋ ಕೋಡ್ ತಮಾಷೆಗೂ ಹಾಕಬಾರದು, ಅದು ಅಪಹರಣದ ಸೂಚನೆ.

4. ಪೆನ್ನು, ಪೇಪರ್ ಪಕ್ಕದಲ್ಲಿರಲಿ. ಹೊಸಬ ಅಂತ ಫ್ಲೈಟ್ ಪ್ಲಾನ್‌ನಲ್ಲೇ ಬರೀರಿ, ಬಾಯಿಬಿಟ್ಟೂ ಹೇಳಿ. ಸ್ವಲ್ಪ ನಿಧಾನ ಮಾಡ್ತಾರೆ.

ಊರಿನಲ್ಲಿರೋರಿಗೆ ಐದನೇದೂ ಇದೆ: ರೂಟರ್‌ಗೆ ಯುಪಿಎಸ್ ಹಾಕ್ಕೊಳ್ಳಿ. ಚೆನ್ನೈ ರನ್‌ವೇ ಕಣ್ಣೆದುರು ಕಾಣ್ತಿದ್ದಾಗ ಕರೆಂಟ್ ಹೋದ ಸಂಕಟ ನನಗೊಬ್ಬನಿಗೇ ಸಾಕು.

ಮೂರು ವಾರದ ಮೇಲೆ ಅದೇ ಬೆಂಗಳೂರು ಚೆನ್ನೈ ಹಾರಾಟ ಮತ್ತೆ ಹಾಕಿದೆ. "ಫಸ್ಟ್ ಟೈಮ್, ಪ್ಲೀಸ್ ಗೋ ಸ್ಲೋ" ಅಂದೆ. ಎರಡು ಸಲ "ಸೇ ಅಗೇನ್" ಕೇಳಿದೆ. ಮೂರನೇ ಸಲ ಪೂರ್ತಿ ಬರ್ಕೊಂಡು ಓದಿ ಒಪ್ಪಿಸಿದಾಗ ಬಂದ "ರೀಡ್‌ಬ್ಯಾಕ್ ಕರೆಕ್ಟ್" ಅನ್ನೋ ಎರಡು ಪದ, ಎಸ್ಸೆಸ್ಸೆಲ್ಸಿ ರಿಸಲ್ಟ್‌ಗಿಂತ ಹೆಚ್ಚು ಖುಷಿ ಕೊಡ್ತು.

ಕೆಲವು ತಿಂಗಳ ಹಿಂದೆ ಆಫೀಸಿನ ಕಾಲ್‌ನಲ್ಲಿ ಕ್ಲೈಂಟ್ ಮಾತಾಡ್ತಿದ್ದಾಗ ಅಭ್ಯಾಸಬಲದಿಂದ ನನ್ನ ಬಾಯಿಂದ "ಸೇ ಅಗೇನ್" ಬಂದೇಬಿಡ್ತು. ಆತ ಒಂದು ಕ್ಷಣ ನಿಲ್ಲಿಸಿ, ಮೊದಲಿಂದ ನಿಧಾನವಾಗಿ ಹೇಳಿದ. ಕಾಲ್ ಮುಗಿದ ಮೇಲೆ ಟೀಮಿನ ಇಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದ್ರು: "ಒಳ್ಳೇದು ಮಾಡಿದ್ರಿ. ನಮಗೂ ಅರ್ಥ ಆಗಿರಲಿಲ್ಲ."

ಈಗ ನಾನು ಕಂಟ್ರೋಲರ್ ತರಬೇತಿಯ ಮೊದಲ ಮೆಟ್ಟಿಲಲ್ಲಿದ್ದೀನಿ. ಇಲ್ಲಿ ನೆಲದ ಮೇಲಿನ ವಿಮಾನಗಳಿಗೆ ಅನುಮತಿ ಕೊಡೋದು, ರನ್‌ವೇವರೆಗೆ ದಾರಿ ತೋರಿಸೋದು ಕೆಲಸ. ಟವರ್, ಅಪ್ರೋಚ್ ಎಲ್ಲ ಮುಂದಿನ ಮೆಟ್ಟಿಲು. ಯಾವುದಾದ್ರೂ ಶನಿವಾರ ರಾತ್ರಿ ನೀವು ಬೆಂಗಳೂರಿನಿಂದ ಹೊರಟಾಗ ಕೋಲಾರದ ಧಾಟಿಯ ಇಂಗ್ಲಿಷ್ ಕಿವಿಗೆ ಬಿದ್ರೆ, ಅದು ನಾನೇ ಇರಬಹುದು. ಅರ್ಥ ಆಗದಿದ್ರೆ ಕೇಬಲ್ ಕೀಳಬೇಡಿ. ಕೇಳಿ, ಇನ್ನೊಂದು ಸಲ ಹೇಳ್ತೀನಿ.