ಅನ್ನದ ಋಣವೆಂಬ ಬೀಗ



ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳು ಇಲ್ಲದಿದ್ದರೆ ಈ ನಾಡಿನ ಎಷ್ಟೋ ಮನೆತನಗಳಲ್ಲಿ ಹೈಸ್ಕೂಲು ಮುಟ್ಟಿದವನೇ ಇರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ "ಉಂಡ ಮನೆಗೆ ಎರಡು ಬಗೆಯುವವನು ಇವನು" ಎನ್ನಲು ಕಾದಿರುವವರು ನಮ್ಮಲ್ಲಿ ಬಹಳ ಜನ. ಆ 'ಉಂಡ ಮನೆ' ಎಂಬ ಮಾತಿನ ಮೇಲೆಯೇ ನನ್ನ ತಕರಾರು.

ನಾನೂ ಪ್ರಸಾದ ನಿಲಯದಲ್ಲಿ ಓದಿದವನು. ಊರು, ಮಠ ಯಾವುದೆಂಬುದು ಬೇಡ. ಒಂಬತ್ತನೆಯ ತರಗತಿಯಲ್ಲಿದ್ದಾಗ ಜಾತ್ರೆಯ ಮರುದಿನ ನಾವು ಪಡಸಾಲೆಯಲ್ಲಿ ಸಾಲಾಗಿ ಕೂತು ನುಚ್ಚು ಸಾರು ಉಣ್ಣುತ್ತಿದ್ದೆವು. ಒಳಗಿನ ಕೋಣೆಯಲ್ಲಿ ಆಡಳಿತ ಮಂಡಳಿಯವರಿಗೂ ಅವರ ಬೀಗರಿಗೂ ಬಾಳೆಎಲೆ ಹಾಸಿ ಹೋಳಿಗೆ, ತುಪ್ಪ. ಹೋಳಿಗೆಯ ತಾಟು ಹೊತ್ತು ನಮ್ಮ ಸಾಲಿನ ನಡುವೆಯೇ ಒಳಗೆ ಹೋಗಬೇಕಿತ್ತು. ನನ್ನ ಪಕ್ಕದ ಹುಡುಗ ವಾರ್ಡನ್ನರನ್ನು ಕೇಳಿಯೇಬಿಟ್ಟ: "ಎಲ್ಲಾ ಪ್ರಸಾದ ಆದ್ರ ಒಳಗೊಂದು ಹೊರಗೊಂದು ಯಾಕ್ರೀ ಸರ?" ಅವರು ಹೊಡೆಯಲಿಲ್ಲ. "ಯಾರ ಅನ್ನ ಉಣ್ಣಾಕತ್ತೀ, ಗೊತ್ತೈತೇನು ನಿನಗ?" ಎಂದರು, ಅಷ್ಟೆ. ಹುಡುಗ ತಲೆ ತಗ್ಗಿಸಿದ. ಏನೂ ಕೇಳದೆ ಕೂತಿದ್ದ ನಾನೂ ತಗ್ಗಿಸಿದೆ. ಆಮೇಲೆ ಮೆಟ್ರಿಕ್ ಮುಗಿಯುವವರೆಗೆ ಆ ಹುಡುಗ ಅಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದ್ದು ನನಗೆ ನೆನಪಿಲ್ಲ.

ವಾರ್ಡನ್ನರು ಕೆಟ್ಟವರಾಗಿರಲಿಲ್ಲ. ಜ್ವರ ಬಂದ ಹುಡುಗರ ತಲೆಗೆ ರಾತ್ರಿಯೆಲ್ಲ ತಣ್ಣೀರು ಬಟ್ಟೆ ಹಾಕಿದವರು ಅವರು. ಅದಕ್ಕೇ ಅವರ ಮಾತು ಈಗಲೂ ಚುಚ್ಚುತ್ತದೆ. ಅದು ಅವರೊಬ್ಬರ ಮಾತಾಗಿರಲಿಲ್ಲ. ಇಡೀ ಕಟ್ಟಡ ಮಾತಾಡುತ್ತಿತ್ತು.

ಸಂಜೆ ಏಳರಿಂದ ಏಳೂವರೆಯವರೆಗೆ ಸಾಮೂಹಿಕ ಪ್ರಾರ್ಥನೆ. ನೂರಾರು ಕಂಠಗಳಲ್ಲಿ ಸಮಾನತೆಯ ವಚನಗಳು. ಉಳಿದ ಇಪ್ಪತ್ಮೂರೂವರೆ ಗಂಟೆ ಹುಡುಗ ಕಲಿಯುವುದೇನು? ಯಾರ ಕಾರು ಬಂದಾಗ ಓಡಿಬಂದು ಸಾಲಾಗಿ ನಿಲ್ಲಬೇಕು, ಯಾರ ಕಾಲಿಗೆ ಎಷ್ಟು ಬಾಗಬೇಕು, ಮಂತ್ರಿಗಳು ಬರುವುದು ಎರಡು ಗಂಟೆ ತಡವಾದರೆ ಬಿಸಿಲಲ್ಲಿ ಹೇಗೆ ಕೂರಬೇಕು. ಬೆಳಗಿನ ಕಸಗುಡಿಸುವ ಪಾಳಿಯಿಂದ ದಾನಿಗಳ ಸಂಬಂಧಿಕರ ಮಗನಿಗೆ ಹೇಗೋ ವಿನಾಯಿತಿ ಸಿಗುತ್ತದೆ ಎಂಬುದನ್ನೂ ಅವನು ನೋಡುತ್ತಾನೆ. ಕಸ ಗುಡಿಸುವುದಕ್ಕೆ ನನ್ನ ಆಕ್ಷೇಪವಿಲ್ಲ, ಅದು ಕಾಯಕ. ನಸುಕಿನ ಗಂಟೆಗೂ ಆಕ್ಷೇಪವಿಲ್ಲ, ಸಾವಿರ ಮಕ್ಕಳಿರುವ ಕಡೆ ಶಿಸ್ತು ಬೇಕು. ಆದರೆ ಬಡವನ ಮಗನ ಪಾಲಿಗೆ ಮಾತ್ರ ಬರುವ ಕಾಯಕವನ್ನು ಕಾಯಕವೆನ್ನಲಾಗದು, ಅದು ಬಿಟ್ಟಿ ಚಾಕರಿ.

ಈಗ ಆ ಪ್ರಶ್ನೆಗೆ ಬರೋಣ: ಯಾರ ಅನ್ನ?

1909ರಲ್ಲಿ ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದವರು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 1941ರಿಂದ 2019ರವರೆಗೆ ನಡೆಸಿದ ದಾಸೋಹಕ್ಕೆ ಹಳ್ಳಿಯ ರೈತರು ಕಾಳು ಕಡಿ ತಂದು ಹಾಕಿದರು. ಅಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡರು. ಜೋಳಿಗೆಗೆ ಮೊರದಿಂದ ಜೋಳ ಸುರಿದ ತಾಯಿ ಎಷ್ಟೋ ಸಲ ಅದೇ ನಿಲಯದಲ್ಲಿ ಓದುತ್ತಿದ್ದ ಹುಡುಗನ ತಾಯಿ. ಅಂದರೆ ಅವಳದೇ ಅನ್ನವನ್ನು ಅವಳ ಮಗನಿಗೆ ಬಡಿಸಿ, ಯಾರ ಅನ್ನ ಗೊತ್ತೇನು ಎಂದು ಕೇಳುತ್ತಿದ್ದೇವೆ.

ಲೆಕ್ಕಕ್ಕಿಂತ ದೊಡ್ಡದು ತತ್ವ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಬಸವಣ್ಣನವರು ದಾನದ ಜಾಗದಲ್ಲಿ ದಾಸೋಹವನ್ನು ತಂದಿಟ್ಟದ್ದು ಉಣ್ಣುವವನ ತಲೆ ಬಾಗದಿರಲೆಂದು. ಪ್ರಸಾದದ ಸಾಲಿನಲ್ಲಿ ಕೂತ ಮಗು ಆ ಹೊತ್ತಿಗೆ ಜಂಗಮ. ಋಣವೆಂಬುದಿದ್ದರೆ ಬಡಿಸುವ ಮಠದ ಮೇಲಿದೆ, ಉಣ್ಣುವ ಮಗುವಿನ ಮೇಲಲ್ಲ. ನಾವು ಬೋರ್ಡಿನ ಮೇಲೆ ದಾಸೋಹ ಎಂದು ಬರೆದು ಒಳಗೆ ದಾನವನ್ನೇ ನಡೆಸುತ್ತಿದ್ದೇವೆ.

ಶರಣರ ಅನುಭವ ಮಂಟಪದ ವಾತಾವರಣ ಹೀಗಿರಲಿಲ್ಲ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ನಿಷ್ಠುರವಾಗಿ ಪ್ರಶ್ನಿಸಿದರು. ಆಕೆ ನಿಂತು ಮಾತಿಗೆ ಮಾತು ಕೊಟ್ಟರು. ಶೂನ್ಯ ಸಂಪಾದನೆ ಅದನ್ನು ಮುಚ್ಚಿಡಲಿಲ್ಲ, ಹೆಮ್ಮೆಯಿಂದ ದಾಖಲಿಸಿತು. ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಲಕ್ಕಮ್ಮ ತಿರುಗಿ ಕಳಿಸಿದರು. ಈ ಕಥೆಗಳನ್ನು ನಮ್ಮ ಹುಡುಗರು ಭಾಷಣ ಸ್ಪರ್ಧೆಯಲ್ಲಿ ಹೇಳಿ ಬಹುಮಾನ ಪಡೆಯುತ್ತಾರೆ. ಸ್ಪರ್ಧೆ ನಡೆಯುವ ಸಭಾಭವನಕ್ಕೂ ಅನುಭವ ಮಂಟಪವೆಂದೇ ಹೆಸರು. ಅಲ್ಲಿ ಇರುವುದು ಒಂದೇ ಮೈಕು, ಅದೂ ವೇದಿಕೆಯ ಮೇಲೆ. (ಅಕ್ಕನ ಹೆಸರಿನ ಹೆಣ್ಣುಮಕ್ಕಳ ನಿಲಯಗಳ ಗೇಟಿನ ಬೀಗದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

2017ರಲ್ಲಿ ಬೀದರಿನಿಂದ ಶುರುವಾದ ಸಮಾವೇಶಗಳಲ್ಲಿ ನಾವು ಲಕ್ಷ ಲಕ್ಷ ಸಂಖ್ಯೆಯಲ್ಲಿ ಸೇರಿ, ನಮ್ಮದು ವರ್ಣ ಜಾತಿಗಳಿಲ್ಲದ ಸ್ವತಂತ್ರ ಧರ್ಮ ಎಂದು ಸಾರಿದೆವು. ನಾನೂ ಹೋಗಿದ್ದೆ, ಈಗಲೂ ಅದೇ ನನ್ನ ನಿಲುವು. ಹಿಂತಿರುಗಿ ಬಂದು ನಮ್ಮ ನಿಲಯಗಳ ಪ್ರವೇಶ ಅರ್ಜಿ ತೆಗೆದು ನೋಡಿ. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿಪತ್ರದ ಮಾತು ಬೇರೆ. ಹುಡುಗನಿಗೆ ಯಾವ ಕೋಣೆ, ಯಾವ ಕೆಲಸ, ಪೂಜೆಯಲ್ಲಿ ಯಾವ ಜಾಗ ಎಂಬುದು ಪಂಚಮಸಾಲಿ, ಬಣಜಿಗ, ಗಾಣಿಗ, ಹಡಪದ ಎಂಬುದರ ಮೇಲೆ ನಿಂತರೆ ನಾವು ಯಾರಿಗೆ ಏನನ್ನು ಸಾರಿದಂತಾಯಿತು? ಇನ್ನು ಜಂಗಮರ ಮನೆಯಲ್ಲಿ ಹುಟ್ಟಿದನೆಂಬ ಒಂದೇ ಕಾರಣಕ್ಕೆ ಎಂಟು ಹತ್ತು ವರ್ಷದ ಕೂಸಿಗೆ ಕಾವಿ ಹೊದಿಸಿ ಮರಿ ಎಂದು ಮಠಕ್ಕೆ ಬಿಡುವ ಪದ್ಧತಿ. ಆ ಮಗು ಗೋಲಿ ಆಡುವ ವಯಸ್ಸಿನಲ್ಲಿ ಮುದುಕರಿಂದ ನಮಸ್ಕಾರ ಮಾಡಿಸಿಕೊಳ್ಳುತ್ತದೆ. ಅವ್ವ ಬಂದರೆ ಅವಳೂ ಅಡ್ಡಬೀಳಬೇಕು. ಹೀಗೆ ಬೆಳೆದವರು ಮುಂದೆ ಪೀಠದಲ್ಲಿ ಕೂತು ಪ್ರಶ್ನೆಯನ್ನು ಸಹಿಸದಿದ್ದರೆ ತಪ್ಪು ಅವರೊಬ್ಬರದೇ ಹೇಗಾದೀತು?

ಮಾತಾಡದಂತೆ ಪಳಗಿದ ಮಗುವಿಗೆ ಹೋಳಿಗೆ ತಪ್ಪಿದರೆ ಹಾಳಾಗಿ ಹೋಗಲಿ. ಅದರ ಮೈಮೇಲೆ ಯಾರಾದರೂ ಕೈಹಾಕಿದರೆ? ಆಗಲೂ ಅದರ ಕಿವಿಯಲ್ಲಿ ಇರುವುದು ಅದೇ ಮಾತು, ಯಾರ ಅನ್ನ ಉಣ್ಣುತ್ತಿದ್ದೀ. ಮಕ್ಕಳಿರುವ ಸಂಸ್ಥೆಗಳ ಬಗ್ಗೆ, ಮಠಗಳೂ ಸೇರಿದಂತೆ, ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಯಾವ ಪ್ರಕರಣದಲ್ಲಿ ಯಾರು ತಪ್ಪಿತಸ್ಥರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಮ್ಮ ಕೆಲಸ ಬೇರೆ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಇಂಥದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಇರುವುದೇ ಅಪರಾಧ. "ಮಠದ ಮಾನದ ಪ್ರಶ್ನೆ, ಒಳಗೇ ಬಗೆಹರಿಸೋಣ" ಎನ್ನುವ ಹಿರಿಯರು ಇದನ್ನು ಎರಡು ಸಲ ಓದಲಿ. ನಮ್ಮ ಹುಳುಕು ಹೊರಬಿದ್ದರೆ ವಿರೋಧಿಗಳಿಗೆ ಆಯುಧ ಸಿಕ್ಕಂತೆ ಎಂಬ ವಾದವೂ ಇದೆ. ಮುಚ್ಚಿಟ್ಟು ಮುಚ್ಚಿಟ್ಟು ಆಯುಧವನ್ನು ಮಸೆದುಕೊಟ್ಟವರು ನಾವೇ.

ಆಗಬೇಕಾದದ್ದಕ್ಕೆ ದುಡ್ಡು ಹೆಚ್ಚು ಬೇಕಿಲ್ಲ. ಪೂಜ್ಯರು ವಾರಕ್ಕೊಮ್ಮೆಯಾದರೂ ಮಕ್ಕಳ ಸಾಲಿನಲ್ಲಿ, ಅದೇ ನೆಲದ ಮೇಲೆ, ಅದೇ ತಾಟಿನಲ್ಲಿ ಪ್ರಸಾದ ಮಾಡಲಿ. ಆಡಳಿತ ಮಂಡಳಿಯವರ ಕೋಣೆಯ ಊಟ ನಿಲ್ಲಲಿ. ಪಾದಪೂಜೆಗೆ, ಮೆರವಣಿಗೆಗೆ, ರಾಜಕಾರಣಿಗಳ ಸ್ವಾಗತಕ್ಕೆ ಮಕ್ಕಳನ್ನು ನಿಲ್ಲಿಸುವುದು ನಿಲ್ಲಲಿ. ಹದಿನೆಂಟು ತುಂಬದೆ ಯಾರಿಗೂ ಕಾವಿ ಬೇಡ. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಅರ್ಧ ಹೊತ್ತು ಹುಡುಗರು ಕೇಳಲಿ, ವೇದಿಕೆಯವರು ಉತ್ತರಿಸಲಿ. ಉತ್ತರ ಬರದಿದ್ದರೆ ಬರುವುದಿಲ್ಲ ಎನ್ನಲಿ, ಮರ್ಯಾದೆಗೇನೂ ಕಡಿಮೆಯಾಗುವುದಿಲ್ಲ. ಊಟದ ಮನೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂಬ ಅಂಕಿ ಎಲ್ಲರ ಕಣ್ಣಿಗೆ ಬೀಳುವಷ್ಟು ದಪ್ಪಗೆ ಇರಲಿ. ಅದರ ಕೆಳಗೆ ಒಂದು ದೂರು ಪೆಟ್ಟಿಗೆ ಇರಲಿ. ಅದರ ಕೀಲಿಕೈ ಮಾತ್ರ ಮಠದಲ್ಲಿ ಇರಕೂಡದು. ಮಠದ ಸಂಬಳ, ಮಠದ ಹಂಗು ಎರಡೂ ಇಲ್ಲದ ಊರಿನ ಇಬ್ಬರು ತಾಯಂದಿರ ಸೆರಗಿನ ಗಂಟಿನಲ್ಲಿ ಇರಲಿ.