ಅವಳ 'ಕಬೂಲ್' ಯಾರು ಹೇಳಬೇಕು?



ಈ ತಿಂಗಳು ಬೇರೇನೋ ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ತುರುವೇಕೆರೆ ಕಡೆಯ ಹಳ್ಳಿಯಿಂದ ಸಹೋದರಿಯೊಬ್ಬರ ಪತ್ರ ಬಂತು. ಅವರ ಅಕ್ಕನ ಮಗಳು ಹುಟ್ಟಿನಿಂದಲೇ ಕಿವಿ ಕೇಳದವಳು, ಮಾತೂ ಬಾರದು. ವಯಸ್ಸು 22. ತಿಪಟೂರಿನ ಹತ್ತಿರ ತಾಯಿಯ ಜೊತೆ ಕೊಬ್ಬರಿ ಸುಲಿಯುವ ಕೆಲಸಕ್ಕೆ ಹೋಗುತ್ತಾಳೆ. ಆ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಅಲುಗಾಡಿಸಿದಾಗ ಒಳಗೆ ಉಂಡೆ ಕೊಬ್ಬರಿ ಲೊಡಲೊಡ ಎಂದರೆ ಅದು ಸುಲಿಯಲು ತಯಾರು ಎಂದು ಲೆಕ್ಕ. ಉಳಿದವರು ಕಿವಿಯಿಂದ ತಿಳಿಯುವುದನ್ನು ಈ ಹುಡುಗಿ ಅಂಗೈಯಲ್ಲೇ ತಿಳಿಯುತ್ತಾಳಂತೆ. ಚಿಪ್ಪು ಒಡೆಯುವಾಗ ಕೊಬ್ಬರಿಗೆ ಒಂದು ಗೀರೂ ಬೀಳುವುದಿಲ್ಲವಂತೆ.

ಈಗ ಅವಳಿಗೆ ನಿಕಾಹ್ ಗೊತ್ತಾಗಿದೆ. ವರ ಚಿಕ್ಕನಾಯಕನಹಳ್ಳಿಯವನು. ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಒಂದು ಮಗುವಿದೆ. ಪತ್ರದ ಕೊನೆಯಲ್ಲಿ ಆ ಸಹೋದರಿ ಹೀಗೆ ಬರೆದಿದ್ದಾರೆ: "ಖಾಝಿ ಸಾಹೇಬರು ಕೇಳಿದಾಗ ಅವಳ ಪರವಾಗಿ ಮಾಮು ಕಬೂಲ್ ಅಂದರೆ ಸಾಕು, ಅವಳಿಗೇನು ತಿಳಿಯುತ್ತೆ ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ಹುಡುಗನಿಗೆ ಮಗು ಇರುವ ವಿಷಯ ಅವಳಿಗೆ ಗೊತ್ತೇ ಇಲ್ಲ. ನನ್ನ ಮನಸ್ಸು ಒಪ್ಪುತ್ತಿಲ್ಲ ಆಪಾ. ಇದು ಸರಿಯೇ?"

ಫತ್ವಾ ಕೊಡಲು ನಾನು ಮುಫ್ತಿಯಲ್ಲ. ಅದನ್ನು ನಿಮ್ಮೂರಿನ ಆಲಿಮರ ಬಳಿ ಕೇಳಿ, ಕೇಳಲೇಬೇಕು. ಆದರೆ 'ಇದು ಸರಿಯೇ' ಎಂಬ ಪ್ರಶ್ನೆಗೆ ನಾನು ಇಲ್ಲ ಎನ್ನುತ್ತೇನೆ. ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕನ್ಯೆಯ ಮೌನವೇ ಒಪ್ಪಿಗೆ ಎಂಬ ಹದೀಸ್ ನಮ್ಮ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಅದರ ಹಿನ್ನೆಲೆ ನೆನಪಿರುವವರು ಕಡಿಮೆ. ಮದುವೆಗೆ ಮುಂಚೆ ಹೆಣ್ಣಿನ ಒಪ್ಪಿಗೆ ಕೇಳಬೇಕು ಎಂದು ಪ್ರವಾದಿ(ಸ) ಹೇಳಿದಾಗ, ಕನ್ಯೆ ನಾಚಿಕೊಳ್ಳುತ್ತಾಳಲ್ಲ ಎಂದು ಹ. ಆಯಿಶಾ(ರ) ಕೇಳಿದರು. ಆಗ ಬಂದ ಉತ್ತರ ಅದು. ಅಂದರೆ ಮೊದಲು ಪ್ರಶ್ನೆ, ಆಮೇಲೆ ಮೌನ. ಹುಡುಗಿ ಪ್ರಶ್ನೆಯನ್ನು ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಬೇಡ ಎನ್ನುವ ಅವಕಾಶವಿದ್ದೂ ಸುಮ್ಮನಿದ್ದರೆ ಆ ಮೌನಕ್ಕೆ ಅರ್ಥವಿದೆ. ಪ್ರಶ್ನೆಯೇ ತಲುಪದವಳ ಮೌನ ಬರೀ ಮೌನ, ಅಷ್ಟೇ. ಖನ್ಸಾ ಬಿಂತ್ ಖಿದಾಮ್(ರ) ಅವರನ್ನು ತಂದೆ ಇಷ್ಟಕ್ಕೆ ವಿರುದ್ಧವಾಗಿ ಮದುವೆ ಮಾಡಿಕೊಟ್ಟಾಗ ಪ್ರವಾದಿ(ಸ) ಆ ಮದುವೆಯನ್ನೇ ರದ್ದು ಮಾಡಿದ್ದು ಬುಖಾರಿಯಲ್ಲಿದೆ. ಅವರಿಗೆ ಬಾಯಿತ್ತು, ಹೋಗಿ ದೂರು ಹೇಳಿದರು. ನಮ್ಮ ಈ ಹುಡುಗಿ ಯಾರ ಬಳಿ ಹೋಗಿ ಏನೆಂದು ಹೇಳಬೇಕು?

ಕುರುಡರ ವಿಷಯದಲ್ಲಿ ನಮಗೆ ಅಬಸ ಸೂರಾ ಗೊತ್ತು, ಇಬ್ನು ಉಮ್ಮಿ ಮಕ್ತೂಮ್(ರ) ಗೊತ್ತು. ವಅಝ್‌ಗಳಲ್ಲಿ ಕೇಳಿದ್ದೇವೆ. ಕಿವುಡರ ಬಗ್ಗೆ ಯಾರೂ ವಅಝ್ ಮಾಡಿದ್ದು ನಾನು ಕೇಳಿಲ್ಲ. ಆದರೆ ಫಿಕ್‌ಹ್ ಅವರನ್ನು ಮರೆತಿಲ್ಲ. ಮೂಗರ ಪರಿಚಿತ ಸನ್ನೆ ಬಾಯಿಮಾತಿಗೆ ಸಮ ಎಂಬುದು ಹನಫಿ ಫಿಕ್‌ಹ್‌ನ ಪ್ರಸಿದ್ಧ ಸೂತ್ರ. 1869ರಿಂದ 1876ರವರೆಗೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ರೂಪುಗೊಂಡ 'ಮಜಲ್ಲಾ' ಕಾನೂನು ಸಂಹಿತೆಯಲ್ಲಿ ಇದು 70ನೇ ಕಲಮು. ನಿಕಾಹ್, ವ್ಯಾಪಾರ, ಕೊಡುಕೊಳ್ಳುವಿಕೆ ಎಲ್ಲದರಲ್ಲೂ ಇದು ನಡೆಯುತ್ತದೆ. 'ಪರಿಚಿತ' ಎಂಬ ಪದವನ್ನು ಗಮನಿಸಿ. ಆ ಸನ್ನೆ ಏನೆಂದು ಅವಳ ಜೊತೆ ಬದುಕುವವರಿಗೆ ಗೊತ್ತಿರಬೇಕು. ಹಾಗಾದರೆ ಸನ್ನೆ ಮಾಡುವುದು ಅವಳ ಕೆಲಸ, ಕಲಿಯುವುದು ನಮ್ಮ ಕೆಲಸ ಎಂದಾಯಿತಲ್ಲವೇ?

ಈ ಪತ್ರ ಬಂದ ಮೇಲೆ ಬೇರೆಯವರು ಇದನ್ನು ಹೇಗೆ ನೋಡಿದ್ದಾರೆಂದು ಹುಡುಕಿದೆ. ಇದೇ ಪ್ರಶ್ನೆಯ ಜೊತೆ ನಮಗಿಂತ ಹಳೆಯ ಕಾಲದಿಂದ ಗುದ್ದಾಡಿದವರು ಯಹೂದಿ ಧರ್ಮಪಂಡಿತರು. ಯಹೂದಿ ಎಂದ ಕೂಡಲೇ ದಿನಪತ್ರಿಕೆಯ ಸುದ್ದಿಗಳು ನೆನಪಾಗಬಹುದು. ನಾನು ಹೇಳುತ್ತಿರುವುದು ಸರಕಾರಗಳ ಮಾತಲ್ಲ, ಮೂಸಾ(ಅ) ಅವರ ಶರೀಅತ್ತಿನ ಮಾತು.

ಕಿವುಡರನ್ನು ಶಪಿಸಬಾರದು, ಕುರುಡರ ದಾರಿಯಲ್ಲಿ ಎಡವುವಂಥದ್ದನ್ನು ಇಡಬಾರದು ಎಂಬ ಆಜ್ಞೆ ತೌರಾತ್‌ನಲ್ಲಿದೆ. ಎರಡನೆಯದು ಸುಲಭವಾಗಿ ಅರ್ಥವಾಗುತ್ತದೆ. ಮೊದಲನೆಯದು ಯಾಕೆ? ಕೇಳಿಸದವರಿಗೆ ಬೈದರೆ ಅವರಿಗೆ ನೋವಾಗುವುದೇ ಇಲ್ಲವಲ್ಲ! ನೋವಾಗದಿದ್ದರೂ ಬೈಯಬಾರದು ಎಂಬುದೇ ಅದರ ಸ್ವಾರಸ್ಯ. ಆ ಮನುಷ್ಯನ ಮಾನ ಅವನ ಕಿವಿಯಲ್ಲಿಲ್ಲ. ನಮ್ಮ ಮನೆಗಳಲ್ಲಿ ಹುಡುಗಿ ಎದುರಿಗೇ ಇರುವಾಗ "ಗೂಂಗಿ ಎಲ್ಲಿ ಹೋದಳು" ಎನ್ನುವುದಿಲ್ಲವೇ? "ಒಳ್ಳೆಯದೇ ಆಯಿತು, ಎದುರು ಮಾತಾಡೋ ಹೆಂಡತಿಯ ಕಾಟ ತಪ್ಪಿತು" ಎಂದು ಮದುಮಗನ ಗೆಳೆಯರು ನಗುವುದಿಲ್ಲವೇ? ಕೆಟ್ಟ ಹೆಸರಿಟ್ಟು ಕರೆಯಬೇಡಿ ಎಂದು ಕುರ್‌ಆನ್‌ನ ಹುಜುರಾತ್ ಸೂರಾ ನಮಗೂ ಹೇಳಿದೆ. ಕೇಳಿಸದವರಿಗೆ ಅದರಲ್ಲಿ ವಿನಾಯಿತಿ ಕೊಟ್ಟಿಲ್ಲ.

ಹಾಗೆಂದು ಅವರ ಶಾಸ್ತ್ರದಲ್ಲಿ ಎಲ್ಲವೂ ಚೆನ್ನಾಗಿತ್ತು ಎನ್ನಲಾರೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಮಿಶ್ನಾ ಎಂಬ ಧರ್ಮಶಾಸ್ತ್ರ, ಕೇಳಿಸದ ಮತ್ತು ಮಾತಾಡದ ವ್ಯಕ್ತಿಯನ್ನು ಬುದ್ಧಿ ಸ್ಥಿಮಿತವಿಲ್ಲದವರ ಮತ್ತು ಚಿಕ್ಕಮಕ್ಕಳ ಸಾಲಿನಲ್ಲಿ ಇಟ್ಟಿತ್ತು. ಅಂಥವರ ವ್ಯವಹಾರಕ್ಕೆ ಪೂರ್ಣ ಬೆಲೆಯಿಲ್ಲ. ಕಿವಿ ಕೇಳದಿದ್ದರೂ ಮಾತಾಡಬಲ್ಲವನು ಮಾತ್ರ ಎಲ್ಲರಂತೆ ಎಂದು ಎಣಿಸಿದರು. ಆದರೂ ಮದುವೆಯ ಬಾಗಿಲು ಮುಚ್ಚಲಿಲ್ಲ. ಕಿವುಡ ಸನ್ನೆಯಿಂದಲೇ ಮದುವೆಯಾಗಬಹುದು, ಸನ್ನೆಯಿಂದಲೇ ಬಿಡುಗಡೆಯನ್ನೂ ಕೊಡಬಹುದು ಎಂದು ಅದೇ ಮಿಶ್ನಾ ಹೇಳಿತು.

ಇನ್ನೊಂದು ಸಂಗತಿ ಓದಿ ನನಗೆ ನಮ್ಮೂರಿನ ನೆನಪೇ ಬಂತು. ಯಹೂದಿ ಹೆಣ್ಣಿಗೆ ಗಂಡ ಬರೆದುಕೊಡಬೇಕಾದ ಹಣದ ಪತ್ರಕ್ಕೆ ಕೆತೂಬಾ ಎನ್ನುತ್ತಾರೆ. ಕಿವುಡ ಹೆಣ್ಣಿಗೆ ಅದು ಯಾಕಿಲ್ಲ ಎಂಬ ಪ್ರಶ್ನೆ ತಲ್ಮೂದ್‌ನಲ್ಲಿ ಬರುತ್ತದೆ. ಅದನ್ನೂ ಕಡ್ಡಾಯ ಮಾಡಿದರೆ ಯಾರೂ ಅವಳನ್ನು ಮದುವೆಯಾಗಲು ಮುಂದೆ ಬರುವುದಿಲ್ಲ ಎಂಬುದು ಅಲ್ಲಿರುವ ಉತ್ತರ. ಅವಳಿಗೊಂದು ಮನೆಯಾಗಲಿ ಎಂಬ ಕಾಳಜಿ ಅದರಲ್ಲಿದೆ, ನಿಜ. ಆದರೆ ಆ ಕಾಳಜಿಯ ಖರ್ಚು ಯಾರ ಲೆಕ್ಕದಿಂದ ಹೋಯಿತು ನೋಡಿ. ನಮ್ಮಲ್ಲಿ ಮಹ್ರ್ ಅವಳ ಹಕ್ಕು, ಕಿವಿ ಕೇಳದಿದ್ದರೆ ಅದು ಬಿದ್ದುಹೋಗುವುದಿಲ್ಲ. ಆದರೂ "ಇಂಥವಳನ್ನು ಒಪ್ಪಿಕೊಂಡಿದ್ದೇ ಹೆಚ್ಚು" ಎಂದು ಮಹ್ರ್‌ನ್ನು ಹೆಸರಿಗಷ್ಟೇ ಬರೆಸಿ, ಜೊತೆಗೆ ಗಾಡಿ, ಬಂಗಾರ ಎಂದು ಹೆಣ್ಣಿನ ಕಡೆಯಿಂದಲೇ ಎರಡು ಪಾಲು ವಸೂಲಿ ಮಾಡುವವರಿದ್ದಾರೆ. ತಲ್ಮೂದ್‌ನ ಪಂಡಿತರು ಗಂಡಿನ ಭಾರ ಇಳಿಸಿದರು. ನಾವು ಅದನ್ನು ತಂದು ಹೆಣ್ಣಿನ ತಂದೆಯ ತಲೆಯ ಮೇಲಿಟ್ಟಿದ್ದೇವೆ.

ಅವರ ಆ ಹಳೆಯ ತೀರ್ಪು ಅಲುಗಾಡಿದ್ದು ಹೇಗೆ ಗೊತ್ತೇ? ಶಾಲೆಯಿಂದ. 1844ರಲ್ಲಿ ಮೊರಾವಿಯಾದಲ್ಲಿ ಹಿರ್ಷ್ ಕೋಲಿಷ್ ಎಂಬವರು ಕಿವುಡ ಯಹೂದಿ ಮಕ್ಕಳಿಗಾಗಿ ಶಾಲೆ ತೆರೆದರು. 1852ರಲ್ಲಿ ಅದು ವಿಯೆನ್ನಾ ನಗರಕ್ಕೆ ಹೋಯಿತು. ಹೆಸರಾಂತ ರಬ್ಬಿ ಸಿಮ್ಹಾ ಬುನಿಮ್ ಸೋಫರ್ ಆ ಶಾಲೆಯನ್ನು ಕಣ್ಣಾರೆ ನೋಡಿ ಬೆರಗಾದರು. ಬುದ್ಧಿಯಿಲ್ಲದವರ ಸಾಲಿನಲ್ಲಿ ಕೂರಿಸಿದ್ದ ಮಕ್ಕಳು ಅಲ್ಲಿ ಓದುತ್ತಿದ್ದರು, ಬರೆಯುತ್ತಿದ್ದರು. ಇವರಿಗೆ ಹಳೆಯ ನಿಯಮ ಹೊಂದುತ್ತದೆಯೇ ಎಂಬ ಚರ್ಚೆ ಬಿರುಸಾಯಿತು. 2011ರಲ್ಲಿ ಅಮೆರಿಕದ ಕನ್ಸರ್ವೇಟಿವ್ ಪಂಥದ ಕಾನೂನು ಸಮಿತಿ, ರಬ್ಬಿ ಪಮೇಲಾ ಬರ್ಮಾಶ್ ಬರೆದ ತೀರ್ಪನ್ನು ಒಪ್ಪಿ, ಸನ್ನೆಭಾಷೆಯಲ್ಲಿ ವ್ಯವಹರಿಸುವ ಕಿವುಡರು ಎಲ್ಲರಂತೆ ಪೂರ್ಣ ಜವಾಬ್ದಾರಿಯುಳ್ಳವರು, ಮದುವೆಯ ವಿಷಯದಲ್ಲೂ ಸನ್ನೆಭಾಷೆ ಸಲ್ಲುತ್ತದೆ ಎಂದಿತು. ಸಂಪ್ರದಾಯಸ್ಥ ಪಂಡಿತರಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ಅದು ಅವರ ಮನೆಯ ಮಾತು. ನನಗೆ ಮುಖ್ಯವೆನಿಸಿದ್ದು ಇಷ್ಟು: ಆ ಮಕ್ಕಳಲ್ಲಿ ಬುದ್ಧಿ ಮೊದಲಿನಿಂದಲೂ ಇತ್ತು. ಹೋಗಿ ನೋಡಿದವರಿರಲಿಲ್ಲ.

ನಮಗೆ ವಿಯೆನ್ನಾ ಬೇಡ, ಮೈಸೂರು ಸಾಕು. ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಡೀ ದೇಶದಿಂದ ಅಲ್ಲಿಗೆ ಮಕ್ಕಳನ್ನು ಕರೆತರುತ್ತಾರೆ. ತಿಪಟೂರು, ತುರುವೇಕೆರೆಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪಬಹುದು. ಕರೆದರೆ ತಿರುಗದ ಕೂಸನ್ನು "ಮೂರು ವರ್ಷಕ್ಕೆ ಮಾತು ಬರುತ್ತೆ, ಅವರಪ್ಪನಿಗೂ ತಡವಾಗಿಯೇ ಬಂದಿದ್ದು" ಎಂದು ತಾಯತ ಕಟ್ಟಿಸಿ ಕೂರುವ ದಾದಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ: ಭಾಷೆ ಕಲಿಯುವ ವಯಸ್ಸು ಕಾಯುವುದಿಲ್ಲ. ಕಿವಿಯ ಯಂತ್ರವಾಗಲಿ, ಸನ್ನೆಭಾಷೆಯಾಗಲಿ, ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಅಂಗನವಾಡಿಗೆ ಬರುವ ಆರೋಗ್ಯ ತಪಾಸಣೆಯ ತಂಡಕ್ಕೆ ಮಗುವನ್ನು ತೋರಿಸಿ, ಮನೆಯಲ್ಲಿ ಬಚ್ಚಿಡಬೇಡಿ. ತಾಯಿಯನ್ನು ದೂರುವುದಂತೂ ಬೇಡವೇ ಬೇಡ.

ನಮ್ಮ ದೇಶದ ಕಾನೂನಿನ ಮಾತೂ ಹೇಳಬೇಕು. ಮಾತು ಬಾರದ ಸಾಕ್ಷಿ ನ್ಯಾಯಾಲಯದಲ್ಲಿ ಬರೆದು ಅಥವಾ ಸನ್ನೆ ಮಾಡಿ ಹೇಳಬಹುದು, ಅದು ಬಾಯಿಮಾತಿನ ಸಾಕ್ಷ್ಯವೇ ಎಂದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಅದು ಉಳಿದಿದೆ. ಕೊಲೆ ಮೊಕದ್ದಮೆಯಲ್ಲಿ ನಡೆಯುವ ಸನ್ನೆ ಮದುವೆ ಮನೆಯಲ್ಲಿ ನಡೆಯುವುದಿಲ್ಲವೆಂದರೆ ಹೇಗೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಅದರ 13ನೇ ಕಲಮಿನ ಪ್ರಕಾರ ಆಸ್ತಿ ಹೊಂದಲು, ವಾರಸುದಾರಿಕೆಯಲ್ಲಿ ಪಡೆಯಲು, ತಮ್ಮ ಹಣದ ವ್ಯವಹಾರವನ್ನು ತಾವೇ ನೋಡಿಕೊಳ್ಳಲು ಅಂಗವಿಕಲರಿಗೆ ಎಲ್ಲರಷ್ಟೇ ಹಕ್ಕಿದೆ. ಸಹಾಯಕ್ಕೆ ನಿಂತವರ ಸ್ವಂತ ಲಾಭವೂ ಆ ವ್ಯವಹಾರದಲ್ಲಿ ಅಡಗಿದ್ದರೆ ಅವರು ಅದರಿಂದ ಹಿಂದೆ ಸರಿಯಬೇಕು. ತೆಂಗಿನ ಸೀಮೆಯ ಸಹೋದರಿಯರು ಈ ಮಾತನ್ನು ಎರಡು ಸಲ ಓದಿ. ತಂದೆ ತೀರಿದ ಮೇಲೆ ಕಿವುಡ ತಂಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ, ಬರುವಾಗ ಹೋಟೆಲಿನಲ್ಲಿ ಬಿರಿಯಾನಿ ಕೊಡಿಸಿ ಕರೆತರುವ ಅಣ್ಣಂದಿರು ಎಲ್ಲ ಸೀಮೆಯಲ್ಲೂ ಇದ್ದಾರೆ. ತೋಟದಲ್ಲಿ ತನ್ನ ಪಾಲು ಹೋಯಿತೆಂದು ಅವಳಿಗೆ ಗೊತ್ತೇ ಇರುವುದಿಲ್ಲ. ಸಾಲಪತ್ರ ಬರೆಸುವ ಬಗ್ಗೆ ಬಕರಾ ಸೂರಾದ 282ನೇ ವಚನದಲ್ಲಿ ತಾನಾಗಿ ಹೇಳಿ ಬರೆಸಲಾಗದವರ ಪ್ರಸ್ತಾಪವಿದೆ. ಅವರ ಪರವಾಗಿ ವಲೀ ನ್ಯಾಯದಿಂದ ಹೇಳಿ ಬರೆಸಬೇಕು. ವಲೀ ಆಗುವುದೆಂದರೆ ಅವರ ಮಾತನ್ನು ಮುಟ್ಟಿಸುವುದು, ತನ್ನ ಮಾತನ್ನು ಅವರ ಹೆಸರಿನಲ್ಲಿ ಬರೆಸುವುದಲ್ಲ.

ತುರುವೇಕೆರೆಯ ಸಹೋದರಿಯೇ, ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಆ ಸಂಬಂಧ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೆಂಡತಿಯನ್ನು ಕಳೆದುಕೊಂಡವನು ಒಳ್ಳೆಯ ಗಂಡನಾಗಬಹುದು, ನಿಮ್ಮ ಹುಡುಗಿ ಆ ಮಗುವಿಗೆ ಒಳ್ಳೆಯ ತಾಯಿಯಾಗಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದವಳು ಅವಳು. ದಿನಾಂಕ ಒಂದೆರಡು ವಾರ ಮುಂದೆ ಹೋದರೆ ಹೋಗಲಿ. ಹುಡುಗನನ್ನೂ ಮಗುವನ್ನೂ ಅವಳ ಮುಂದೆ ಕರೆತನ್ನಿ, ಹಿರಿಯರೆಲ್ಲ ಕೂತಿರಲಿ. ಮೊದಲ ಹೆಂಡತಿ ಇದ್ದಳು, ಈಗಿಲ್ಲ, ಈ ಮಗು ಅವಳದು ಎಂದು ಫೋಟೋ ಇಟ್ಟುಕೊಂಡು ತಿಳಿಸಿ. ಅದನ್ನು ಅವಳಿಗೆ ತಲುಪಿಸಬಲ್ಲವಳು ತಾಯಿಯೇ, ಅಥವಾ ಕೊಬ್ಬರಿ ಕೆಲಸದಲ್ಲಿ ಪಕ್ಕದಲ್ಲಿ ಕೂರುವ ಗೆಳತಿ. ಇಂಥವರ ಸನ್ನೆ ಮನೆಯವರಿಗಿಂತ ಗೆಳತಿಯರಿಗೇ ಹೆಚ್ಚು ತಿಳಿದಿರುವುದುಂಟು. ನಿಮ್ಮ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನೂ ಕೇಳಿ ನೋಡಿ. ಅವಳ ಅಂಗವಿಕಲರ ಗುರುತಿನ ಚೀಟಿ ಆಗಿಲ್ಲವಾದರೆ ಆ ಕೆಲಸವೂ ಅವರಿಂದಲೇ ಶುರುವಾಗಲಿ.

ಖಾಝಿ ಸಾಹೇಬರನ್ನು ನಿಕಾಹ್‌ಗೆ ಮೊದಲೇ ಒಮ್ಮೆ ಮನೆಗೆ ಕರೆಸಿ. ಅವಳು 'ಹೂಂ' ಎನ್ನುವುದು ಹೇಗೆಂದು ಎಲ್ಲರೂ ತೋರಿಸುತ್ತಾರೆ. 'ಬೇಡ' ಎನ್ನುವುದು ಹೇಗೆಂದು ಮೊದಲು ತೋರಿಸಿ, ವಕೀಲರಿಗೂ ಇಬ್ಬರು ಸಾಕ್ಷಿಗಳಿಗೂ ಅದು ಗೊತ್ತಿರಲಿ. ಮಹ್ರ್ ಎಷ್ಟೆಂದು ನೋಟುಗಳನ್ನೇ ಎಣಿಸಿ ತೋರಿಸಿ, ದುಡಿದು ತಿನ್ನುವ ಹುಡುಗಿಗೆ ಲೆಕ್ಕ ಬರುತ್ತದೆ. ಹೆಸರು ಬರೆಯಲು ಬಂದರೆ ನಿಕಾಹ್‌ನಾಮೆಗೆ ಅವಳೇ ಬರೆಯಲಿ. ಮಾಮು ಪಕ್ಕದಲ್ಲಿ ನಿಂತಿರಲಿ, ಬೇಡ ಎನ್ನುವವರಾರು?

ಆದದ್ದನ್ನು ಬರೆದು ತಿಳಿಸಿ. ಅವಳು ಬೇಡ ಎಂದರೂ ಬರೆಯಿರಿ.